ಅದು ನಾಗರ-ಕೇರೆ ಮದುವೆ ಅಲ್ಲ ಮಾರಾಯ್ರೆ

ಬೇಸಿಗೆ ಮುಗಿದು ಮೊದಲ ಮಳೆ ಬೀಳೋ ಹೊತ್ತಿಗೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ವಿಡಿಯೋ ಬರೋಕೆ ಶುರುವಾಗುತ್ತೆ. ಎರಡು ಹಾವು ಹಗ್ಗ ಹೊಸೆದಂಗೆ ಸುತ್ಕೊಂಡು ಎದ್ದು ನಿಂತಿರ್ತವೆ, ಕೆಳಗೆ "ನಾಗರ-ಕೇರೆ ಮಿಲನ, ಹತ್ತು ಜನಕ್ಕೆ ಕಳಿಸಿ" ಅಂತ ಬರೆದಿರುತ್ತೆ. ಮಲೆನಾಡಲ್ಲಿ 15 ವರ್ಷದಿಂದ ಹಾವು ಹಿಡೀತಿದೀನಿ, ಹಿಂಗೆ ಬಂದ ಒಂದು ವಿಡಿಯೋದಲ್ಲೂ ನಾಗರ ಕಂಡಿಲ್ಲ. ಎರಡೂ ಕೇರೆ, ಎರಡೂ ಗಂಡು.

ಇನ್ನೊಂದ್ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕೇರೆ ನಾಗರದ ಗಂಡ ಅಲ್ಲ. ನಾಗರದಲ್ಲೇ ಗಂಡಿದೆ ಹೆಣ್ಣಿದೆ, ಕೇರೆಲೂ ಗಂಡಿದೆ ಹೆಣ್ಣಿದೆ, ಎರಡರ ಕುಟುಂಬನೇ ಬೇರೆ, ನಾಯಿ ಬೆಕ್ಕು ಬೇರೆ ಇದ್ದಂಗೆ. ನಾಗರ ಬೇರೆ ಹಾವುಗಳನ್ನೂ ತಿನ್ನುತ್ತೆ, ಅದರ ಕೈಗೆ ಕೇರೆ ಸಿಕ್ಕಿದ್ರೆ ಸಂಸಾರ ಹೂಡಲ್ಲ, ನುಂಗುತ್ತೆ. ಇನ್ನು ಆ ಸುತ್ಕೊಳ್ಳೋದು ಕುಸ್ತಿ. ಎದುರಾಳಿ ತಲೇನ ನೆಲಕ್ಕೆ ಅದುಮೋಕೆ ಇಬ್ರೂ ಮೇಲೆ ಮೇಲೆ ಏಳ್ತಾರೆ, ಸಾಮಾನ್ಯವಾಗಿ ಕಚ್ಚಾಡಲ್ಲ, ಸೋತೋನು ಜಾಗ ಖಾಲಿ ಮಾಡ್ತಾನೆ. ನಿಜವಾಗಿ ಕೂಡುವಾಗ ಹೆಚ್ಚಾಗಿ ನೆಲದ ಮೇಲೇ ಸುಮ್ನೆ ಮಲಗಿರ್ತವೆ, ನಿಮಗೆ ವಿಡಿಯೋ ಮಾಡೋಷ್ಟು ಏನೂ ಸಿಗಲ್ಲ.

ಇಷ್ಟೊಂದು ಯಾಕೆ ತಲೆ ಕೆಡಿಸ್ಕೊಳ್ತೀನಿ ಅಂದ್ರೆ, ನಮ್ಮ ಕಡೆ ನಾಗರನ್ನ ಯಾರೂ ಹೊಡೆಯಲ್ಲ, ದೋಷ ಬರುತ್ತೆ ಅಂತ ಭಯ, ಆದ್ರೆ "ಇದು ನಾಗರದ ಜೊತೆ ಸೇರಿ ವಿಷ ತಗೊಂಡಿದೆ" ಅಂತ ಏನೂ ವಿಷ ಇಲ್ದಿರೋ ಕೇರೆಗೆ ದೊಣ್ಣೆ ಬೀಳುತ್ತೆ. ಬಾಲದಲ್ಲಿ ವಿಷ ಇದೆ ಅನ್ನೋದೂ ಸುಳ್ಳು.

ಗುರುತು ತಪ್ಪೋದು ಸಹಜ, ಒಪ್ತೀನಿ. ಕೇರೆ ಆರೇಳು ಅಡಿ ಉದ್ದ, ಬಣ್ಣ ಹಳದಿ ಕಂದಿಂದ ಹಿಡಿದು ಹೆಚ್ಚುಕಮ್ಮಿ ಕಪ್ಪು ತನಕ ಹೆಂಗೆ ಬೇಕಾದ್ರೂ ಇರಬಹುದು. ನಾನು ನೋಡೋದು ದೊಡ್ಡ ದುಂಡು ಕಣ್ಣು, ತುಟಿ ಮೇಲೆ ಪೆನ್ನಲ್ಲಿ ಗೀಚಿದಂಗಿರೋ ಕಪ್ಪು ಗೆರೆಗಳು, ಮೈಯ ಹಿಂದಿನ ಅರ್ಧದಿಂದ ಬಾಲದ ತನಕ ಕಪ್ಪು ಬಲೆ ಥರದ ಗುರುತು. ಮೂಲೆಗೆ ಸಿಕ್ಕಿದ್ರೆ ಗಂಟಲು ಉಬ್ಬಿಸಿ ಗುರ್ ಅನ್ನುತ್ತೆ, ಜನ ಅದನ್ನೇ ಹೆಡೆ ಅಂತಾರೆ. ಹೆಡೆ ಅಗಲಕ್ಕೆ ಬಿಚ್ಚುತ್ತೆ, ಇದು ಮೇಲಕ್ಕೂ ಕೆಳಕ್ಕೂ ಉಬ್ಬುತ್ತೆ. ಹಂಗಂತ ಹೆಡೆ ಕಾಣ್ಲಿಲ್ಲ ಅಂತ ಕೈ ಹಾಕ್ಬೇಡಿ, ನಾಗರನೂ ತನ್ನ ಪಾಡಿಗೆ ಹೋಗ್ತಿರುವಾಗ ಹೆಡೆ ಎತ್ತಿರಲ್ಲ. ಕಚ್ಚಿದ್ದು ಯಾವ ಹಾವು ಅಂತ ಖಾತ್ರಿ ಇಲ್ದಿದ್ರೆ ಸೀದಾ ಆಸ್ಪತ್ರೆಗೆ ಹೋಗಿ, ನಂಗೆ ಫೋಟೋ ಕಳಿಸ್ಕೊಂಡು ಕೂರಬೇಡಿ.

ಕೇರೆ ಹಗಲಲ್ಲೇ ಓಡಾಡುತ್ತೆ, ಗದ್ದೆ ಬದು, ಹುತ್ತ, ಅಡಿಕೆ ತೋಟ, ಕೊಟ್ಟಿಗೆ ಅಟ್ಟ, ಎಲ್ಲಾ ಕಡೆ. ಕಪ್ಪೆ, ಇಲಿ, ಓತಿಕ್ಯಾತ, ಹಕ್ಕಿ ಮರಿ, ಏನು ಸಿಕ್ಕಿದ್ರೂ ಆಯ್ತು. ಹೆಬ್ಬಾವಿನ ಥರ ಸುತ್ತಿ ಉಸಿರು ಕಟ್ಟಿಸಲ್ಲ, ಮೈಭಾರದಲ್ಲಿ ನೆಲಕ್ಕೆ ಒತ್ತಿ ಹಿಡಿದು ಎಷ್ಟೋ ಸಲ ಜೀವಂತ ಇದ್ದಂಗೇ ನುಂಗುತ್ತೆ. ಅದನ್ನ ಹಿಡ್ಕೊಂಡು ಹೋಗಿ ಅಂತ ಫೋನ್ ಮಾಡೋರಿಗೆ ನಾನು ಮೊದಲು ಕೇಳೋದು, ಇಲಿ ಹಿಡಿಯೋಕೆ ಯಾರನ್ನ ಇಟ್ಕೊಂಡಿದೀರಿ ಅಂತ. ಕೆಲವೊಮ್ಮೆ ಕೇರೆ ಹಿಂದೇನೇ ಕಾಳಿಂಗ ಮನೆ ಒಳಗೆ ಬಂದಿರುತ್ತೆ, ಆಗ ಮಾತ್ರ ಮಾತಾಡದೆ ಬೈಕ್ ಹತ್ತುತೀನಿ. (ಪಶ್ಚಿಮಘಟ್ಟದ ಕಾಳಿಂಗಕ್ಕೆ 2024ರಲ್ಲಿ ವಿಜ್ಞಾನಿಗಳು ನಮ್ಮ ಕನ್ನಡದ ಹೆಸರನ್ನೇ ಇಟ್ರು, ಒಫಿಯೋಫೇಗಸ್ ಕಾಳಿಂಗ ಅಂತ. ಅದರ ಮುಖ್ಯ ಊಟದಲ್ಲಿ ಕೇರೆನೂ ಒಂದು.)

ಹೋದ ವರ್ಷ ಒಬ್ರು ಅಜ್ಜಿ ಫೋನ್ ಮಾಡಿ, "ತಮಾ, ನಾಗಪ್ಪ ಕೇರೆ ಕೂಡ್ಯಾವೆ, ಬೇಗ ಬಾ" ಅಂದ್ರು. ನಾನು ಹೋಗೋವಷ್ಟರಲ್ಲಿ ಅವರ ಮಗ ಬೀರುವಿಂದ ಹೊಸ ಪಂಚೆ ತೆಗ್ದು ಅವುಗಳ ಮೇಲೆ ಹಾಕಿದ್ದ, ಹಂಗೆ ಹಾಕಿ ಎತ್ತಿಟ್ರೆ ದುಡ್ಡು ಬರುತ್ತಂತೆ. ಕೇರೆಗಳು ಪಂಚೆ ಸಮೇತ ಅರ್ಧ ಗಂಟೆ ಕೆಸರಲ್ಲಿ ಹೊರಳಾಡಿ, ಒಂದು ತೋಟಕ್ಕೆ ಒಂದು ಗದ್ದೆಗೆ ಹೋದ್ವು. ಎರಡೂ ಗಂಡು, ಜಗಳ ಆಡ್ತಿದ್ವು ಅಂತ ಅಜ್ಜಿಗೆ ಸಮಾಧಾನವಾಗಿ ಬಿಡಿಸಿ ಹೇಳ್ದೆ. ಪೂರ್ತಿ ಕೇಳಿಸ್ಕೊಂಡು, "ಹಂಗಾರೆ ಈ ಪಂಚೆ ಒಗೀಬೋದಾ?" ಅಂದ್ರು. ಮಗ ಒಪ್ಪಲಿಲ್ಲ, ಕೆಸರು ಸಮೇತ ಮಡಚಿ ಬೀರುಲಿ ಇಟ್ಟ.