ಸ್ಕ್ರೂಟಿನಿ ಸಮಿತಿಗೆ ಬರೆದರೆ ಆಸ್ಪತ್ರೆಯ ವಾರ್ಡ್ ಉಳಿಯುತ್ತದೆಯೇ?

ಪ್ರಶ್ನೆ: ನಾವು ಇಂಗ್ಲೆಂಡಿನ ಒಂದು ಕೌಂಟಿಯಲ್ಲಿದ್ದೇವೆ. ಇಲ್ಲಿನ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡನ್ನು ಮುಚ್ಚುತ್ತಾರಂತೆ. ಕೌನ್ಸಿಲ್‌ನ ಆರೋಗ್ಯ ಸ್ಕ್ರೂಟಿನಿ ಸಮಿತಿಗೆ ಪತ್ರ ಬರೆದರೆ ಅದನ್ನು ತಡೆಯುತ್ತಾರೆಯೇ? ನಮ್ಮ ಅತ್ತೆಯವರನ್ನು ಅವಸರದಲ್ಲಿ ಡಿಸ್ಚಾರ್ಜ್ ಮಾಡಿದ್ದರ ಬಗ್ಗೆಯೂ ಅಲ್ಲೇ ದೂರು ಕೊಡಬಹುದೇ?

ಉತ್ತರ: ಬೇರೆ ಬೇರೆ ಊರುಗಳ ಓದುಗರಿಂದ ಈ ಪ್ರಶ್ನೆ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಹಿಂದೆ ಚಿಕ್ಕದಾಗಿ ಕೊಟ್ಟ ಉತ್ತರಗಳು ಸಾಲಲಿಲ್ಲವೆಂದು ಕಾಣುತ್ತದೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ. ಸ್ಕ್ರೂಟಿನಿ ಸಮಿತಿಯೆಂದರೆ ಆರೋಗ್ಯ ಸೇವೆಗಳನ್ನು ಪರಿಶೀಲಿಸಿ ಪ್ರಶ್ನಿಸುವ ಕೌನ್ಸಿಲರ್‌ಗಳ ಸಮಿತಿ. ವಾರ್ಡ್ ಮುಚ್ಚುವುದನ್ನು ತಡೆಯುವ ಅಧಿಕಾರ ಅದಕ್ಕೆ ಇಲ್ಲ. ಒಬ್ಬ ರೋಗಿಯ ದೂರನ್ನು ವಿಚಾರಿಸಿ ತೀರ್ಪು ಕೊಡುವುದೂ ಅದರ ಕೆಲಸವಲ್ಲ. ಆದರೂ ವಾರ್ಡಿನ ವಿಷಯವಾಗಿ ನೀವು ಬರೆಯಲೇಬೇಕು.

ಗೊಂದಲಕ್ಕೆಲ್ಲ ಮೂಲ, ಆಸ್ಪತ್ರೆ ಕೌನ್ಸಿಲ್‌ಗೆ ಸೇರಿದ್ದು ಎಂಬ ನಂಬಿಕೆ. ಪಾಲಿಕೆಯೇ ಹೆರಿಗೆ ಆಸ್ಪತ್ರೆಗಳನ್ನೂ ರೆಫರಲ್ ಆಸ್ಪತ್ರೆಗಳನ್ನೂ ನಡೆಸುವುದನ್ನು ಬೆಂಗಳೂರಿನಲ್ಲಿ ಕಂಡು ಬಂದವರಿಗೆ, ಇಲ್ಲಿನ ಕೌನ್ಸಿಲರ್ ಕೂಡ ನಮ್ಮ ಕಾರ್ಪೊರೇಟರ್ ಹಾಗೆಯೇ, ಅವರು ಒಂದು ಮಾತು ಹೇಳಿದರೆ ಆಸ್ಪತ್ರೆಯವರು ಕೇಳುತ್ತಾರೆ ಎಂದು ತೋರುವುದು ಸಹಜ. ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಪರಿಸ್ಥಿತಿ ಹಾಗೆಯೇ ಇತ್ತು: 1929ರ ಸ್ಥಳೀಯ ಆಡಳಿತ ಕಾಯ್ದೆಯು ಬಡವರ ಆಸ್ಪತ್ರೆಗಳನ್ನು ಕೌಂಟಿ ಮತ್ತು ದೊಡ್ಡ ಪಟ್ಟಣಗಳ ಕೌನ್ಸಿಲ್‌ಗಳಿಗೆ ವಹಿಸಿತ್ತು. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ರೂಪುಗೊಳ್ಳುವಾಗ ಆಸ್ಪತ್ರೆಗಳು ಕೌನ್ಸಿಲ್‌ಗಳ ಕೈಯಲ್ಲೇ ಉಳಿಯಲಿ ಎಂದು ಹಿರಿಯ ಸಚಿವ ಹರ್ಬರ್ಟ್ ಮಾರಿಸನ್ ಸಚಿವ ಸಂಪುಟದಲ್ಲಿ ವಾದಿಸಿದರು. ರಾಷ್ಟ್ರೀಕರಣ ಆಗಲೇಬೇಕೆಂದ ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಗೆದ್ದರು. 1948ರ ಜುಲೈ 5ರಂದು ಆಸ್ಪತ್ರೆಗಳು ಕೌನ್ಸಿಲ್‌ಗಳ ಕೈಬಿಟ್ಟವು. ಅದೇ ದಿನ ಜಾರಿಗೆ ಬಂದ ರಾಷ್ಟ್ರೀಯ ನೆರವು ಕಾಯ್ದೆಯು, ಆಸರೆ ಬೇಕಾದ ವೃದ್ಧರಿಗೆ ವಸತಿ ಕಲ್ಪಿಸುವ ಹೊಣೆಯನ್ನು ಕೌನ್ಸಿಲ್‌ಗಳ ಮೇಲೆಯೇ ಹೊರಿಸಿತು. ಅಂದು ಬಿದ್ದ ಗೆರೆ ಇಂದಿಗೂ ಅಳಿಸಿಲ್ಲ. ಆಸ್ಪತ್ರೆಯ ಚಿಕಿತ್ಸೆ ಎನ್‌ಎಚ್‌ಎಸ್‌ನದು, ಅದಕ್ಕೆ ಸಾಮಾನ್ಯವಾಗಿ ಹಣ ಕೊಡಬೇಕಿಲ್ಲ. ಸ್ನಾನ, ಊಟ, ಓಡಾಟಕ್ಕೆ ಆಸರೆಯಾಗುವ ಸೋಷಿಯಲ್ ಕೇರ್ ಕೌನ್ಸಿಲ್‌ನ ಹೊಣೆ, ಅದಕ್ಕೆ ಆಸ್ತಿಪಾಸ್ತಿಯ ಲೆಕ್ಕ ಕೇಳುತ್ತಾರೆ. 23,250 ಪೌಂಡ್‌ಗಿಂತ ಹೆಚ್ಚು ಇರುವವರು ಸಾಮಾನ್ಯವಾಗಿ ಕೇರ್ ಹೋಮ್ ವೆಚ್ಚವನ್ನು ಪೂರ್ತಿಯಾಗಿ ತಾವೇ ಭರಿಸಬೇಕು, ಮತ್ತು ಈ ಮಿತಿ 2010ರಿಂದ ಬದಲಾಗಿಲ್ಲ.

ಹಾಗಾದರೆ ತನ್ನದಲ್ಲದ ಆಸ್ಪತ್ರೆಯನ್ನು ಕೌನ್ಸಿಲ್ ಪ್ರಶ್ನಿಸುವುದಾದರೂ ಹೇಗೆ? ಸೋಷಿಯಲ್ ಕೇರ್ ಹೊಣೆಯಿರುವ ಕೌನ್ಸಿಲ್‌ಗಳಿಗೆ ಆ ಅಧಿಕಾರವನ್ನು 2001ರ ಆರೋಗ್ಯ ಮತ್ತು ಸಾಮಾಜಿಕ ಆರೈಕೆ ಕಾಯ್ದೆ ಕೊಟ್ಟಿತು. ಈಗಿನ ನಿಯಮಗಳು 2013ರವು. ಕೌನ್ಸಿಲ್‌ನ ಆಡಳಿತ ನಡೆಸುವ ಕ್ಯಾಬಿನೆಟ್‌ನ ಸದಸ್ಯರು ಈ ಸಮಿತಿಯಲ್ಲಿ ಕೂರುವಂತಿಲ್ಲ. ಸಮಿತಿಯು ಎನ್‌ಎಚ್‌ಎಸ್ ಅಧಿಕಾರಿಗಳನ್ನು ಸಭೆಗೆ ಕರೆಸಬಹುದು, ಮಾಹಿತಿ ಕೇಳಿ ಪಡೆಯಬಹುದು, ಶಿಫಾರಸು ಮಾಡಿ 28 ದಿನಗಳೊಳಗೆ ಲಿಖಿತ ಉತ್ತರ ಬೇಕೆಂದು ಪಟ್ಟು ಹಿಡಿಯಬಹುದು. ಸೇವೆಯಲ್ಲಿ ಗಣನೀಯ ಬದಲಾವಣೆ ಮಾಡಹೊರಟವರು ಸಮಿತಿಯೊಡನೆ ಸಮಾಲೋಚಿಸಲೇಬೇಕು. ರೋಗಿಗಳ ಅಥವಾ ಸಿಬ್ಬಂದಿಯ ಸುರಕ್ಷತೆಗೆ ಅಪಾಯವಿದ್ದು ತಕ್ಷಣ ನಿರ್ಧರಿಸಬೇಕಾದಾಗ ಮಾತ್ರ ಇದಕ್ಕೆ ವಿನಾಯಿತಿಯುಂಟು. ಯಾವುದು ಗಣನೀಯ ಎಂಬುದನ್ನು ನಿಯಮ ವಿವರಿಸಿಲ್ಲವಾದ್ದರಿಂದ ವಾದವೆಲ್ಲ ಆ ಒಂದು ಪದದ ಸುತ್ತಲೇ ನಡೆಯುತ್ತದೆ. ಆ ವಾರ್ಡನ್ನು ನಂಬಿರುವವರು ಯಾರು, ಮುಂದಿನ ಆಸ್ಪತ್ರೆಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಬೇಕು ಎಂಬುದನ್ನು ಸಮಿತಿಗೆ ಬರೆದು ತಿಳಿಸಬೇಕಾದವರು ನೀವೇ.

ಹಳೆಯ ಲೇಖನಗಳನ್ನು ಓದಿ ಹಲವರು ಇನ್ನೊಂದು ತಪ್ಪು ಮಾಡುತ್ತಾರೆ. ಮೊದಲು ಸಮಿತಿಯು ಇಂತಹ ತಕರಾರನ್ನು ಆರೋಗ್ಯ ಸಚಿವರಿಗೆ ಒಪ್ಪಿಸಬಹುದಿತ್ತು. ಆ ವಿಶೇಷ ಅಧಿಕಾರ 2024ರ ಜನವರಿ 31ರಿಂದ ಇಲ್ಲ. ಈಗ ಸಚಿವರು ತಾವಾಗಿಯೇ ಮಧ್ಯಪ್ರವೇಶಿಸಬಹುದು, ಹಾಗೆ ಮಾಡಿರೆಂದು ಸಮಿತಿಯೂ ಸೇರಿದಂತೆ ಯಾರು ಬೇಕಾದರೂ ಮನವಿ ಸಲ್ಲಿಸಬಹುದು. ಆದರೆ ಸ್ಥಳೀಯವಾಗಿ ಇತ್ಯರ್ಥಪಡಿಸಲು ಮಾಡಬಹುದಾದುದೆಲ್ಲ ಮುಗಿದ ಮೇಲಷ್ಟೇ ಅಂತಹ ಮನವಿಗೆ ಬೆಲೆ.

ತಡೆಯಲಾರದ ಸಮಿತಿಯಿಂದ ಏನು ಪ್ರಯೋಜನ ಎನ್ನುವವರು ಮಿಡ್ ಸ್ಟಾಫರ್ಡ್‌ಶೈರ್ ಪ್ರಕರಣವನ್ನು ಓದಬೇಕು. ಸ್ಟಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳು ಅನುಭವಿಸಿದ ಘೋರ ನಿರ್ಲಕ್ಷ್ಯದ ಬಗ್ಗೆ 2013ರ ಫೆಬ್ರವರಿಯಲ್ಲಿ ಬಂದ ರಾಬರ್ಟ್ ಫ್ರಾನ್ಸಿಸ್ ವಿಚಾರಣಾ ವರದಿಯು 290 ಶಿಫಾರಸುಗಳನ್ನು ಮಾಡಿತು, ಮತ್ತು ಅಲ್ಲಿನ ಕೌನ್ಸಿಲ್‌ಗಳ ಸ್ಕ್ರೂಟಿನಿ ಸಮಿತಿಗಳು ಅಪಾಯದ ಸೂಚನೆಗಳನ್ನು ಗುರುತಿಸದೆ ಹೋದವೆಂದು ಟೀಕಿಸಿತು. ಅಧಿಕಾರಿಗಳು ಹೇಳಿದ್ದನ್ನು ಕೇಳಿಸಿಕೊಂಡು ಸುಮ್ಮನಾಗುವ ಸಮಿತಿ ರೋಗಿಗಳನ್ನು ಕಾಯಲಾರದು. ಅದರ ಮುಂದೆ ಮನೆಯವರ ಅನುಭವವೂ ಬರಬೇಕು.

ಇನ್ನು ಅತ್ತೆಯವರ ವಿಷಯ. ಡಿಸ್ಚಾರ್ಜ್ ಬಗ್ಗೆ ಮೊದಲು ಆ ಆಸ್ಪತ್ರೆಯನ್ನು ನಡೆಸುವ ಎನ್‌ಎಚ್‌ಎಸ್ ಸಂಸ್ಥೆಯಾದ ಟ್ರಸ್ಟ್‌ಗೆ ಲಿಖಿತ ದೂರು ಕೊಡಿ. ಉತ್ತರ ಸಮಾಧಾನ ತರದಿದ್ದರೆ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಸಂಸದೀಯ ಮತ್ತು ಆರೋಗ್ಯ ಸೇವೆಗಳ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಮನೆಗೆ ಬಂದ ಮೇಲಿನ ಆರೈಕೆಯ ಏರ್ಪಾಟು ಸರಿಯಿಲ್ಲದಿದ್ದರೆ ದೂರು ಕೌನ್ಸಿಲ್‌ಗೆ, ಅನಂತರ ಸ್ಥಳೀಯ ಆಡಳಿತ ಮತ್ತು ಸಾಮಾಜಿಕ ಆರೈಕೆಯ ಒಂಬುಡ್ಸ್‌ಮನ್‌ಗೆ. ಎರಡು ದಾರಿಗಳಲ್ಲೂ ಸಾಮಾನ್ಯವಾಗಿ ಹನ್ನೆರಡು ತಿಂಗಳ ಗಡುವು ಇರುವುದರಿಂದ ತಡಮಾಡಬೇಡಿ. ಕೌಂಟಿಯಲ್ಲಿರುವವರು ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ಬರೆದು ಕಾಯುತ್ತ ಕೂರುವುದನ್ನೂ ಕಂಡಿದ್ದೇನೆ. ಸೋಷಿಯಲ್ ಕೇರ್ ಇರುವುದು ಕೌಂಟಿ ಕೌನ್ಸಿಲ್‌ನಲ್ಲಿ.

ನೀವು ಕೇಳದಿದ್ದರೂ ಒಂದು ಮಾತನ್ನು ಸೇರಿಸುತ್ತೇನೆ. ಆಸ್ಪತ್ರೆಯನ್ನು ಪ್ರಶ್ನಿಸುವ ಕೌನ್ಸಿಲ್‌ನ ಸ್ವಂತ ಸೋಷಿಯಲ್ ಕೇರ್ ಕೆಲಸವನ್ನು ನೋಡುವವರು ಯಾರು? ಒಳಗಿನಿಂದ, ಕೌನ್ಸಿಲ್‌ನದೇ ಸ್ಕ್ರೂಟಿನಿ ಸಮಿತಿ: ಅದು ಕ್ಯಾಬಿನೆಟ್ ಸದಸ್ಯರನ್ನೂ ಇಲಾಖಾ ನಿರ್ದೇಶಕರನ್ನೂ ಕರೆಸಿ ಕೇಳಬಲ್ಲದು. ಹೊರಗಿನಿಂದ ನೋಡುವವರು ಬಹಳ ವರ್ಷ ಇರಲಿಲ್ಲ. ತಪಾಸಣಾ ಸಂಸ್ಥೆಯಾದ ಕೇರ್ ಕ್ವಾಲಿಟಿ ಕಮಿಷನ್ ಆಸ್ಪತ್ರೆಗಳನ್ನೂ ಕೇರ್ ಹೋಮ್‌ಗಳನ್ನೂ ತಪಾಸಣೆ ಮಾಡುತ್ತಿತ್ತೇ ಹೊರತು ಕೌನ್ಸಿಲ್‌ನ ಈ ಕೆಲಸಕ್ಕೆ ಅಂಕ ಹಾಕುತ್ತಿರಲಿಲ್ಲ. 2022ರ ಆರೋಗ್ಯ ಮತ್ತು ಆರೈಕೆ ಕಾಯ್ದೆಯು ಆ ಹೊಣೆಯನ್ನೂ ಅದಕ್ಕೆ ವಹಿಸಿತು, 2023ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಕಮಿಷನ್ ತನ್ನ ವರದಿಗಳನ್ನು ಪ್ರಕಟಿಸುತ್ತದೆ. ಯಾವ ಆರೈಕೆ ಬೇಕೆಂದು ಅಳೆಯುವ ಅಸೆಸ್‌ಮೆಂಟಿಗಾಗಿ ಜನ ಎಷ್ಟು ದಿನ ಕಾಯಬೇಕಾಗಿದೆ, ಮನೆಯಲ್ಲಿ ಆರೈಕೆ ಮಾಡುವವರಿಗೆ ಎಷ್ಟು ನೆರವು ಸಿಗುತ್ತಿದೆ ಎಂಬುದನ್ನು ಅವುಗಳಲ್ಲಿ ನೋಡಬಹುದು. ಸಮಿತಿಯ ಕಾರ್ಯಸೂಚಿಯೂ ಸಭೆಗೆ ಐದು ದಿನ ಮೊದಲೇ ಸಾರ್ವಜನಿಕರಿಗೆ ಸಿಗಬೇಕೆಂಬ ನಿಯಮವಿದೆ. ನಿಮ್ಮ ಕೌಂಟಿಯ ವರದಿ ಬಂದಿದ್ದರೆ ಅದರ ಸಂಬಂಧಪಟ್ಟ ಪುಟವನ್ನು ವಾರ್ಡಿನ ಪತ್ರದ ಜೊತೆಗೇ ಲಗತ್ತಿಸಿ, ಸಮಿತಿಯ ಅಧ್ಯಕ್ಷರ ಹೆಸರಿಗೆ ಕಳುಹಿಸಿ.