ಹೊಸ ಮೇಕೆ ತಾನಾಗಿ ಹತ್ತಿರ ಬರಬೇಕಾದರೆ

ಸಂತೆಯಿಂದ ಟೆಂಪೋದಲ್ಲಿ ಬಂದಿಳಿದ ಮೇಕೆ ಮೊದಲ ದಿನ ಕೊಟ್ಟಿಗೆಯ ಮೂಲೆ ಹಿಡಿದು ನಿಂತುಬಿಡುತ್ತದೆ. ಸೊಪ್ಪು ಇಟ್ಟರೂ ಮೂಸುವುದಿಲ್ಲ. ಬಾಗಿಲ ಬಳಿ ಯಾರಾದರೂ ಸುಳಿದರೆ ಗೋಡೆಗೆ ಒತ್ತಿಕೊಳ್ಳುತ್ತದೆ. ಯಲಹಂಕ, ಹೆಸರಘಟ್ಟ, ಆನೇಕಲ್ ಕಡೆ ಸಣ್ಣ ತೋಟ ಮಾಡಿಕೊಂಡು ಒಂದೆರಡು ಮೇಕೆ ಸಾಕಲು ಹೊರಟ ಬೆಂಗಳೂರಿಗರು ಆಗ ಅದನ್ನು ಹಿಡಿದು, ತಬ್ಬಿಕೊಂಡು, ಮೈ ಸವರಿ ಸಮಾಧಾನ ಮಾಡಲು ನೋಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಮೇಕೆಯ ಪಾಲಿಗೆ ಅದು ಬೇಟೆಗಾರನ ಕೈಗೆ ಸಿಕ್ಕಿಬಿದ್ದ ಗಳಿಗೆ. ತೋಳಿನಲ್ಲಿ ಅಲುಗದೆ ನಿಂತಿತೆಂದರೆ ಪಳಗಿತು ಅಂದುಕೊಳ್ಳುತ್ತೇವೆ. ಓಡಲು ದಾರಿಯೇ ಇಲ್ಲದ ಪ್ರಾಣಿ ಭಯಕ್ಕೆ ಮರಗಟ್ಟಿ ನಿಲ್ಲುವುದೂ ಹಾಗೆಯೇ.

ಈ ಭಯ ಮೇಕೆಯ ಮೈಕಟ್ಟಿನಲ್ಲೇ ಇದೆ. ಅದರ ಕಣ್ಣನ್ನೇ ನೋಡಿ. ತಲೆಯ ಎರಡು ಪಕ್ಕಗಳಲ್ಲಿ ಕೂತ ಆ ಕಣ್ಣುಗಳಿಗೆ 320 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಬೆನ್ನ ಹಿಂದಿನ ಸ್ವಲ್ಪ ಜಾಗ ಮಾತ್ರ ಕಣ್ಣಿಗೆ ಬೀಳದು. ಪಾಪೆ ಅಡ್ಡಲಾಗಿ ಸೀಳಿದಂತಿರುತ್ತದೆ. ಹೀಗೇಕೆ ಎಂದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು 2015ರಲ್ಲಿ ವಿವರಿಸಿದರು: ಅಡ್ಡ ಪಾಪೆ ನೆಲದುದ್ದಕ್ಕೂ ಬರುವ ಬೆಳಕನ್ನು ಹೆಚ್ಚು ಹಿಡಿಯುತ್ತದೆ, ಮೇಲಿನ ಬಿಸಿಲಿನ ಝಳವನ್ನು ತಗ್ಗಿಸುತ್ತದೆ. ಮೇಯಲು ತಲೆ ತಗ್ಗಿಸಿದರೆ ಕಣ್ಣುಗುಡ್ಡೆ 50 ಡಿಗ್ರಿಯಷ್ಟು ತಿರುಗಿ, ಪಾಪೆ ಮತ್ತೆ ನೆಲಕ್ಕೆ ಸಮನಾಗುತ್ತದೆ. ಬಾಯಿ ಹುಲ್ಲಿನಲ್ಲಿದ್ದಾಗಲೂ ಕಣ್ಣು ಕಾವಲಿನಲ್ಲೇ ಇರುತ್ತದೆ ಎಂದಾಯಿತು. ಇಂಥ ಪ್ರಾಣಿಯ ಮುಂದೆ ಎದ್ದು ನಿಂತು, ನೆಟ್ಟ ನೋಟದಿಂದ ನೇರ ನಡೆದು ಬರುವುದು ಬೇಟೆಗಾರರು ಮಾತ್ರ.

ಪ್ರತಿ ಪ್ರಾಣಿಗೂ ತನ್ನದೇ ಆದ ಒಂದು ಓಟದ ಅಂತರವಿದೆ, ಅಪಾಯ ಅದಕ್ಕಿಂತ ಹತ್ತಿರ ಬಂದರೆ ಅದು ಕಾಲ್ತೆಗೆಯುತ್ತದೆ ಎಂದು ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್. ಮೇಕೆ ಪಳಗುವುದೆಂದರೆ ಈ ಅಂತರ ಕುಗ್ಗುವುದು. ಅದನ್ನು ಕುಗ್ಗಿಸುವ ಹಕ್ಕು ಮೇಕೆಯದೇ ಆಗಿರಬೇಕು. ಉಳಿದ ಉಪಾಯಗಳೆಲ್ಲ ಇದರ ನಂತರ. ನೀವು ಬರುವಾಗ ಅದು ಕಿವಿ ನಿಮಿರಿಸಿ ಮೈ ಬಿಗಿ ಹಿಡಿದರೆ ಅಲ್ಲೇ ನಿಲ್ಲಿ. ಬಿಗಿ ಸ್ವಲ್ಪ ಸಡಿಲವಾದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿಯಿರಿ. ಸುಮ್ಮನಿದ್ದರೆ ಈ ಮನುಷ್ಯ ಹಿಂದಕ್ಕೆ ಹೋಗುತ್ತಾನೆ ಎಂಬುದು ಅದಕ್ಕೆ ಗೊತ್ತಾಗಬೇಕು. ಮೊದಮೊದಲು ಬೆಲ್ಲದ ಚೂರಿಗಿಂತ ದೊಡ್ಡ ಬಹುಮಾನ ಇದು.

ಹೆಸರಘಟ್ಟದ ಬಳಿ ಮೇಕೆ ಸಾಕುವ ಹಿರಿಯ ಹೆಂಗಸೊಬ್ಬರು ಇದನ್ನು ಯಾವ ಪುಸ್ತಕವನ್ನೂ ಓದದೆ ಮಾಡುತ್ತಾರೆ. ಹೊಸ ಮೇಕೆಗಳಿದ್ದ ದೊಡ್ಡಿಯೊಳಗೆ ಬಕೆಟ್ ಬೋರಲು ಹಾಕಿ, ಅವುಗಳಿಗೆ ಪಕ್ಕವಾಗಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಸಿಪ್ಪೆಯನ್ನು ಒಂದೊಂದಾಗಿ ಪಕ್ಕಕ್ಕೆ ಎಸೆಯುವರು, ತಿರುಗಿ ನೋಡುತ್ತಿರಲಿಲ್ಲ. ನಾನು ಕತ್ತು ತಿರುಗಿಸಿದಾಗ, “ಅದನ್ನ ನೋಡ್ಬೇಡ ಕಣಪ್ಪ, ಸುಮ್ನೆ ಕೂತ್ಕೋ” ಎಂದರು. ಕಂದು ಮೇಕೆಯೊಂದು ಮುಂದೆ ಬಂತು. ಕತ್ತು, ಮೂತಿ, ತುಟಿ ಎಲ್ಲ ಸಿಪ್ಪೆಯ ಕಡೆ ಚಾಚಿದ್ದರೂ ಹಿಂಗಾಲುಗಳು ದೂರದಲ್ಲೇ ಊರಿ ನಿಂತಿದ್ದವು, ಒಂದು ಸದ್ದಿಗೆ ಹಿಂದಕ್ಕೆ ನೆಗೆಯುವಂತೆ. ಹಿಂಗಾಲೂ ಹಿಂದೆಯೇ ಹೆಜ್ಜೆಯಿಟ್ಟು ಬಂದ ದಿನ ಅರ್ಧ ಕೆಲಸ ಮುಗಿಯಿತೆಂದು ತಿಳಿಯಬಹುದು. ನೀವು ಕೂತಿರುವಾಗಲೇ ಅದು ಮಲಗಿ ಮೆಲುಕು ಹಾಕಿದರೆ ಇನ್ನೂ ಒಳ್ಳೆಯ ಸೂಚನೆ.

ಮೇಕೆ ಮನುಷ್ಯರನ್ನು ಎಷ್ಟು ಗಮನಿಸುತ್ತದೆ ಎಂಬುದು ತೀರ ಈಚೆಗೆ ಗೊತ್ತಾಗಿದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಕ್ರಿಸ್ಟಿಯನ್ ನಾವ್ರೋತ್, ಅಲನ್ ಮೆಕೆಲ್ಲಿಗಟ್ ಮತ್ತಿತರರು 2016ರಲ್ಲಿ, ತಿಂಡಿಯಿದ್ದ ಡಬ್ಬದ ಮುಚ್ಚಳ ತೆರೆಯಲಾಗದಂತೆ ಮಾಡಿ ಮೇಕೆಗಳ ಮುಂದಿಟ್ಟರು. ಅವು ಪಕ್ಕದಲ್ಲಿದ್ದ ಮನುಷ್ಯನ ಮುಖ ನೋಡಿದವು. ಆತ ಬೆನ್ನು ತಿರುಗಿಸಿದ್ದಾಗ ನೋಡಿದ್ದು ಕಡಿಮೆ. 2018ರಲ್ಲಿ ಒಬ್ಬರದೇ ನಗುಮುಖ ಮತ್ತು ಸಿಟ್ಟಿನ ಮುಖದ ಕಪ್ಪು-ಬಿಳುಪು ಫೋಟೊ ತೋರಿಸಿದಾಗ ನಗುಮುಖದ ಕಡೆ ಹೆಚ್ಚು ಒಲಿದವು. ನಮ್ಮ ದನಿಯಲ್ಲಿನ ಸಿಟ್ಟು ಸಂತೋಷಗಳ ವ್ಯತ್ಯಾಸವೂ ಅವಕ್ಕೆ ತಿಳಿಯುತ್ತದೆ ಎಂಬುದಕ್ಕೆ 2024ರಲ್ಲಿ ಪುರಾವೆ ಸಿಕ್ಕಿತು. ಕೊಟ್ಟಿಗೆಯಲ್ಲಿ ಫೋನಿನಲ್ಲಿ ಯಾರನ್ನೋ ಬೈಯುವವರು ಇದನ್ನು ನೆನಪಿಡುವುದು ಒಳ್ಳೆಯದು.

ಒಂಟಿ ಮೇಕೆಯನ್ನಂತೂ ತರಲೇಬೇಡಿ. ಮಂದೆಯ ಪ್ರಾಣಿಗೆ ಒಂಟಿತನವೇ ದೊಡ್ಡ ಹೆದರಿಕೆ. ಇಡೀ ದಿನ ಅರಚುವ ಮೇಕೆ ಮನುಷ್ಯರನ್ನು ಅರಿಯುವ ಸ್ಥಿತಿಯಲ್ಲಿರುವುದಿಲ್ಲ. ಕುರಿ ಮೇಕೆಗಳಿಗೆ ಬರುವ ಪಿಪಿಆರ್‌ನಂಥ ಅಂಟುರೋಗ ಹರಡದಿರಲೆಂದು ಹೊಸದನ್ನು ಎರಡು ಮೂರು ವಾರ ಹಳೆಯ ಮಂದೆಯಿಂದ ಬೇರೆ ಇಡಲು ಪಶುವೈದ್ಯರು ಹೇಳುತ್ತಾರೆ. ಜೋಡಿಯಾಗಿ ತಂದಿದ್ದರೆ ಈ ವಾರಗಳೇ ಸ್ನೇಹಕ್ಕೆ ಒಳ್ಳೆಯ ಕಾಲ, ಹಳೆಯ ಮೇಕೆಗಳ ಗುದ್ದಾಟದ ಕಾಟವೂ ಇರುವುದಿಲ್ಲ.

ಕೈತುತ್ತಿಗೆ ಹಲಸಿನ ಸೊಪ್ಪು, ಅಗಸೆ ಸೊಪ್ಪು ಸಾಕು. ಅಕ್ಕಿ, ಜೋಳ, ಬ್ರೆಡ್ಡನ್ನು ಬೊಗಸೆಗಟ್ಟಲೆ ಕೊಟ್ಟರೆ ಹೊಟ್ಟೆಯಲ್ಲಿ ಆಮ್ಲ ಏರಿ ಪ್ರಾಣಕ್ಕೇ ಕುತ್ತು. ರಸ್ತೆ ನಡುವೆ ಬೆಳೆಸುವ ಕಣಗಿಲೆಯಂತೂ ಹೃದಯಕ್ಕೆ ವಿಷ, ಒಂದೆರಡು ಎಲೆಯೂ ಬೇಡ.

ಮುಟ್ಟುವಾಗ ಎದೆ, ಭುಜ, ಕತ್ತಿನ ಪಕ್ಕವನ್ನು ಕೆರೆಯಿರಿ. ತಲೆಯ ಮೇಲಿಂದ ಕೈ ಇಳಿಸಬೇಡಿ. ಹೋತಮರಿಯ ಹಣೆ ತಳ್ಳಿ ಆಟವಾಡುವುದು ಮಕ್ಕಳಿಗೆ ಇಷ್ಟ, ಆದರೆ ಹಣೆ ತಳ್ಳುವುದು ಅದರ ಲೆಕ್ಕದಲ್ಲಿ ಕಾಳಗದ ಕರೆ. ಬೆಳೆದ ಮೇಲೆ ಅದೇ ಮಕ್ಕಳನ್ನು ಗುದ್ದಿ ಕೆಡವುತ್ತದೆ.

ಮೇಕೆಗೆ ನೆನಪೂ ಗಟ್ಟಿ. ಹಣ್ಣು ತೆಗೆಯಲು ಸನ್ನೆಗೋಲನ್ನು ಎಳೆದು, ಆಮೇಲೆ ಮೇಲೆತ್ತಬೇಕಾದ ಪೆಟ್ಟಿಗೆಯ ಪಟ್ಟನ್ನು ಒಮ್ಮೆ ಕಲಿತ ಮೇಕೆಗಳು 10 ತಿಂಗಳ ನಂತರವೂ ಅದನ್ನು ಮರೆತಿರಲಿಲ್ಲ ಎಂದು 2014ರ ಅಧ್ಯಯನವೊಂದು ಕಂಡುಕೊಂಡಿತು. ಹಾಗಾಗಿ ಲಸಿಕೆ ಹಾಕಿಸುವ ದಿನ, ಗೊರಸು ಕತ್ತರಿಸುವ ದಿನ ಮೇಕೆಯನ್ನು ಅದುಮಿ ಹಿಡಿಯುವ ಕೆಲಸ ಮನೆಯ ಬೇರೆ ಯಾರಾದರೂ ಮಾಡಲಿ. ದಿನಾ ಸೊಪ್ಪು ತರುವವರು ಎಲ್ಲ ಮುಗಿದ ಮೇಲೆ, ಎಂದಿನ ಹೊತ್ತಿಗೆ, ಸೊಪ್ಪಿನ ಕಟ್ಟು ಹಿಡಿದು ಒಳಗೆ ಹೋಗಲಿ.