ತರ್ಪಣ ಅಂತ ಹುಡುಕಿದರೆ ಕುದುರೆ ಯಾಕೆ ಬರುತ್ತದೆ?

ಪ್ರಶ್ನೆ: ಮಹಾಲಯ ಅಮಾವಾಸ್ಯೆಗೆ ಹರಿಹರಕ್ಕೆ ಹೋಗಿ ಅಪ್ಪನಿಗೆ ತರ್ಪಣ ಬಿಡಬೇಕು. ಹೇಗೆ ಅಂತ ಮೊಬೈಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಯಾವುದೋ ಕಾಡುಕುದುರೆ ಬಂತು. ಅಶ್ವಮೇಧದ ಕುದುರೆ ಅದೇ ಅಂತ ಸ್ನೇಹಿತರೊಬ್ಬರು ಹೇಳಿದರು. ನಿಜಾನಾ? (ಓದುಗರು, ದಾವಣಗೆರೆ)

ಉತ್ತರ: ಸಂಬಂಧ ಒಂದು ಚೂರೂ ಇಲ್ಲ. ಆ ಕಾಡುಕುದುರೆಯ ಹೆಸರು ತರ್ಪನ್. ಇಂಗ್ಲಿಷಲ್ಲಿ ತರ್ಪಣದ ಕೊನೆಯ 'ಎ' ಬಿಟ್ಟರೆ ಎರಡರ ಸ್ಪೆಲ್ಲಿಂಗೂ ಒಂದೇ, ಅಷ್ಟೇ. ನಮ್ಮದು ಸಂಸ್ಕೃತದ್ದು, ಕುದುರೆಯ ಹೆಸರು ತುರ್ಕಿ ಭಾಷೆಗಳ ಕಡೆಯದ್ದು. ಕನ್ನಡದಲ್ಲೇ ಟೈಪ್ ಮಾಡಿ, ಕುದುರೆ ಬರಲ್ಲ.

ಆದರೂ ಆ ಕುದುರೆಯ ಕಥೆ ಕೇಳುವಂಥದ್ದೇ. ತರ್ಪನ್ ಇದ್ದದ್ದು ಉಕ್ರೇನ್ ಮತ್ತು ದಕ್ಷಿಣ ರಷ್ಯಾದ ಹುಲ್ಲುಗಾವಲಲ್ಲಿ. ಗಿಡ್ಡ ಕುದುರೆ, ಬೂದು ಮೈ. ಹೊಲಕ್ಕೆ ನುಗ್ಗುತ್ತಿತ್ತು, ಸಾಕಿದ ಹೆಣ್ಣು ಕುದುರೆಗಳನ್ನು ಹಾರಿಸಿಕೊಂಡು ಹೋಗುತ್ತಿತ್ತು, ಅದಕ್ಕೇ ಜನ ಬೇಟೆಯಾಡಿ ಮುಗಿಸಿದರು. ಕಾಡಿನ ಕೊನೆಯದು 1879ರಲ್ಲಿ, ಸೆರೆಯಲ್ಲಿದ್ದ ಕೊನೆಯದು 1909ರಲ್ಲಿ ಸತ್ತಿತು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆಮೇಲೆ ಜರ್ಮನಿಯ ಹೆಕ್ ಸಹೋದರರು ಬೇರೆ ತಳಿಗಳನ್ನು ಕೂಡಿಸಿ ಅದನ್ನು ಮತ್ತೆ ತರಲು ನೋಡಿದರು. ಹುಟ್ಟಿದ್ದು ನೋಡೋಕೆ ತರ್ಪನ್ ಥರದ್ದು, ತರ್ಪನ್ ಅಲ್ಲ. 2021ರಲ್ಲಿ ಬಂದ ಡಿಎನ್‌ಎ ಅಧ್ಯಯನ ಇನ್ನೊಂದು ಸಂಗತಿ ಹೇಳಿತು. ಇವತ್ತಿನ ಸಾಕುಕುದುರೆಗಳ ಮೂಲ ವೋಲ್ಗಾ-ಡಾನ್ ನದಿಗಳ ಕೆಳಭಾಗದ್ದು, ಸುಮಾರು 4,200 ವರ್ಷ ಹಿಂದೆ ಅಲ್ಲಿಂದ ಎಲ್ಲ ಕಡೆ ಹರಡಿದವು. ತರ್ಪನ್ ಅವುಗಳ ಮುತ್ತಜ್ಜ ಅಲ್ಲ, ಅದೇ ಒಂದು ಬೆರಕೆ. ಅಶ್ವಮೇಧದ ಕುದುರೆಯೂ ಸಾಕಿದ್ದೇ. ನಿಮ್ಮ ಸ್ನೇಹಿತರ ಮಾತು ಅಲ್ಲಿಗೆ ಬಿತ್ತು.

ಇನ್ನು ನಿಮಗೆ ನಿಜವಾಗಿ ಬೇಕಿದ್ದದ್ದು. ನಮ್ಮ ಕಡೆ ಎಲ್ಲರೂ ತರ್ಪಣ ಬಿಡುವುದಿಲ್ಲ, ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಾಕಿದರೆ ಅದೇ ಪಿತೃಪಕ್ಷ. ಬಿಡುವವರಿಗೆ ಬೇಕಾದದ್ದು ನೀರು, ಕರಿ ಎಳ್ಳು, ದರ್ಭೆ. ಜನಿವಾರ ಇದ್ದವರು ಅದನ್ನು ಬಲ ಹೆಗಲಿಗೆ ಹಾಕಿಕೊಂಡು, ದಕ್ಷಿಣಕ್ಕೆ ಮುಖ ಮಾಡುತ್ತಾರೆ. ಎಲ್ಲ ಇರುವುದು ಅಂಗೈಯಲ್ಲಿ. ದೇವತೆಗಳಿಗೆ ಬಿಡುವ ನೀರು ಬೆರಳ ತುದಿಯಿಂದ ಜಾರಬೇಕು, ಋಷಿಗಳಿಗೆ ಕಿರುಬೆರಳಿನ ಬುಡದಿಂದ, ಪಿತೃಗಳಿಗೆ ಹೆಬ್ಬೆರಳು ಮತ್ತು ತೋರುಬೆರಳಿನ ಮಧ್ಯದಿಂದ. ಕೈಯನ್ನು ಬಲಕ್ಕೆ ಸ್ವಲ್ಪ ವಾಲಿಸಿದರೆ ಎಳ್ಳು ನೀರಿನ ಜೊತೆಗೇ ಇಳಿಯುತ್ತದೆ, ಇಲ್ಲದಿದ್ದರೆ ಅಂಗೈಗೇ ಅಂಟಿಕೊಂಡು ಕೂರುತ್ತದೆ. ಅಪ್ಪ, ಅಜ್ಜ, ಮುತ್ತಜ್ಜ, ಹೀಗೆ ಒಬ್ಬೊಬ್ಬರ ಹೆಸರು ಗೋತ್ರ ಹೇಳಿ ಸಾಮಾನ್ಯವಾಗಿ ಮೂರು ಮೂರು ಸಲ. ಈ ಮೂವರನ್ನು ವಸು, ರುದ್ರ, ಆದಿತ್ಯ ರೂಪದಲ್ಲಿ ನೆನೆಯುವುದು ಕ್ರಮ. ಮುಂದೆ ತಾಯಿ, ತಾಯಿಯ ಕಡೆಯವರು, ನೆಂಟರು, ಗುರುಗಳು ಬರುತ್ತಾರೆ.

ನನಗೆ ಜಾಸ್ತಿ ಇಷ್ಟ ಆಗುವುದು ಕೊನೆಯ ಭಾಗ. ತಾಯಿ ಇಲ್ಲದ, ತಂದೆ ಇಲ್ಲದ, ಬಂಧು ಇಲ್ಲದ ಎಲ್ಲರೂ ನಾನು ಬಿಟ್ಟ ಈ ದರ್ಭೆಯ ನೀರಿನಿಂದ ತೃಪ್ತರಾಗಲಿ ಅಂತ ಒಂದು ಶ್ಲೋಕ ಹೇಳಿ ನೀರು ಬಿಡುತ್ತಾರೆ. ಯಾರು ಏನು ಅಂತ ವಿಚಾರಿಸುವುದಿಲ್ಲ. ವಂಶ ಉಳಿಯದ ಕುದುರೆಯನ್ನೂ ಅಲ್ಲಿ ನೆನೆಯುತ್ತೇನೆ ಅಂದರೆ ಭಟ್ಟರು ನಕ್ಕಾರು, ಬೇಡ ಅನ್ನಲಿಕ್ಕಿಲ್ಲ.

ವೇದದ ಶಾಖೆಯಿಂದ ಶಾಖೆಗೆ ಕ್ರಮ ಬದಲಾಗುತ್ತದೆ, ಹಾಗಾಗಿ ಮೊಬೈಲ್ ನೋಡಿಕೊಂಡು ಸುಮ್ನೆ ಮಾಡಬೇಡಿ, ಮನೆಯ ಪುರೋಹಿತರನ್ನು ಕೇಳಿ. ಅಮಾವಾಸ್ಯೆ ದಿನ ತುಂಗಭದ್ರೆಯ ದಂಡೆಯಲ್ಲಿ ನೂಕುನುಗ್ಗಲು, ಬೆಳಿಗ್ಗೆ ಬೇಗ ಹೊರಡಿ. ಎಳ್ಳು, ದರ್ಭೆ ಇಲ್ಲಿಂದಲೇ ಒಯ್ಯಿರಿ. ಮುತ್ತಜ್ಜನ ಹೆಸರು ನೆನಪಿಲ್ಲದಿದ್ದರೆ ದೊಡ್ಡಪ್ಪನಿಗೋ ಅತ್ತೆಗೋ ಇವತ್ತೇ ಫೋನ್ ಮಾಡಿ ಬರೆದಿಟ್ಟುಕೊಳ್ಳಿ, ಹೊಳೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತಾಗ ಅದು ಹೊಳೆಯುವುದಿಲ್ಲ.